ಹೌದು ಎನ್ನುವವರು

ಪೀಠದ ಮೇಲೆ ಕೂತವರು ಕಾಲು ಅಲ್ಲಾಡಿಸಬಾರದೆಂದು ಯಾವ ನಿಯಮಾವಳಿಯಲ್ಲೂ ಬರೆದಿಲ್ಲ. ಆದರೂ ಸಭೆಯ ಅಧ್ಯಕ್ಷೆ ಮೇಜಿನ ಮರೆಯಲ್ಲಿ ಬಲಗಾಲನ್ನು ಎಡಗಾಲಿನಿಂದ ಒತ್ತಿ ಹಿಡಿದು ಕೂತಿದ್ದಳು. ಬಿಟ್ಟರೆ ಅದು ತಾನಾಗಿ ಎದ್ದು ಕುಣಿದುಬಿಡುತ್ತದೆ ಎನ್ನುವ ಹಾಗಿತ್ತು. ಬೆಳಗ್ಗೆ ಎದ್ದಾಗಿನಿಂದ ಹೀಗೇ. ಹಲ್ಲುಜ್ಜುವಾಗ ನಗು, ಕಾರಿನಲ್ಲಿ ಕೂತರೆ ಸುಮ್ಮಸುಮ್ಮನೆ ಕಣ್ಣಲ್ಲಿ ನೀರು. ಅರವತ್ತರ ಹತ್ತಿರದ ಹೆಂಗಸು, ಮೊಮ್ಮಗನನ್ನು ಎತ್ತಿ ಆಡಿಸಿದವಳು, ಪರೀಕ್ಷೆಗೆ ಹೊರಟ ಹುಡುಗಿಯ ಹಾಗೆ ಎರಡು ಸಲ ಬಾತ್‌ರೂಮಿಗೆ ಹೋಗಿ ಬಂದಿದ್ದಳು. ಇವತ್ತು ಮಸೂದೆ ಮತಕ್ಕೆ ಬರುವ ದಿನ. ಅವಳ ಮಸೂದೆ. ಅಲ್ಲ, ಈಗ ಅವಳದಲ್ಲ; ಪೀಠದಲ್ಲಿ ಕೂತವರಿಗೆ ಸ್ವಂತದ್ದು ಅಂತ ಏನೂ ಇರಬಾರದು. ಮದುವೆಯಾಗಿ ಬಂದ ಮನೆಯಿಂದ ಹೆಂಗಸನ್ನು ಹೊರಗೆ ಹಾಕಬೇಕಾದರೆ ಇನ್ನು ಮುಂದೆ ನ್ಯಾಯಾಲಯದ ಅಪ್ಪಣೆ ಬೇಕು, ಗಂಡನ ಬೀಗ ಒಂದೇ ಸಾಲದು: ಇಷ್ಟೇ ಅದರ ಸಾರ. ಪತ್ರಿಕೆಯವರು ಹೊಸ್ತಿಲ ಮಸೂದೆ ಎಂದು ಹೆಸರಿಟ್ಟಿದ್ದರು. ಅದನ್ನು ಬರೆದು, ಹರಿದು, ಮತ್ತೆ ಬರೆದು, ಮೂರು ಚುನಾವಣೆ ಗೆದ್ದು, ಒಂದು ಸೋತು, ಸ್ವಂತ ಪಕ್ಷದವರ ಕೈಯಲ್ಲೇ ಉಗಿಸಿಕೊಂಡು ಇಲ್ಲಿಯವರೆಗೆ ತಂದವಳು ಅವಳು. ಸಂಜೆಯೊಳಗೆ ಅದು ಬದುಕುತ್ತದೆ, ಇಲ್ಲವೇ ಸಾಯುತ್ತದೆ. ಬದುಕುವ ಲಕ್ಷಣ ಕಡಿಮೆ ಎಂದು ಗೊತ್ತಿದ್ದೂ ಈ ಹಾಳು ಕಾಲಿಗೆ ಎಲ್ಲಿಂದ ಬಂತು ಇಷ್ಟು ಸಂಭ್ರಮ?

ಮಾತಾಡುತ್ತಿದ್ದವಳು ನರ್ಸಮ್ಮ. ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಸೂಜಿ ಚುಚ್ಚಿ, ಗಾಯ ತೊಳೆದು, ಹೋದ ಚುನಾವಣೆಯಲ್ಲಿ ಮೊದಲ ಸಲ ಗೆದ್ದು ಬಂದ ಸದಸ್ಯೆ. ಸಭೆಯೆಲ್ಲ ಅವಳನ್ನು ಹಾಗೇ ಕರೆಯುತ್ತಿತ್ತು. ಅಧ್ಯಕ್ಷೆ ಮಸೂದೆ ಮಂಡಿಸುವ ಹಾಗಿಲ್ಲ, ಚರ್ಚೆಯಲ್ಲಿ ಒಂದು ಮಾತು ಆಡುವ ಹಾಗಿಲ್ಲ, ಆದ್ದರಿಂದ ಅದು ನರ್ಸಮ್ಮನ ಕೈಗೆ ಹೋಗಿತ್ತು. "ಮಾನ್ಯ ಅಧ್ಯಕ್ಷರೇ, ಒಳಗೆ ಬರೋಕೆ ಯಾರನ್ನೂ ಕೇಳಬೇಕಾಗಿಲ್ಲ ಅನ್ನೋವಂಥ ಒಂದು ಬಾಗಿಲು ಪ್ರತಿ ಹೆಣ್ಣಿಗೂ ಇರಬೇಕು." ಅಯ್ಯೋ, ಅಲ್ಲ, ಅಲ್ಲ. 'ಅನ್ನೋವಂಥ' ಆದಮೇಲೆ ನಿಲ್ಲಬೇಕು, ಉಸಿರು ಬಿಡಬೇಕು, ಎಲ್ಲರೂ ತಲೆಯೆತ್ತುವವರೆಗೆ ಕಾಯಬೇಕು, ಆಮೇಲೆ 'ಒಂದು ಬಾಗಿಲು' ಎನ್ನಬೇಕು. ಈ ವಾಕ್ಯವನ್ನು ಅಧ್ಯಕ್ಷೆ ಹಿಂದೊಮ್ಮೆ ಬಸ್ಸಿನಲ್ಲಿ ನಿಂತು ಹೊಂದಿಸಿದ್ದು, ಕೈಯಲ್ಲಿ ಒದ್ದೆ ಕೊಡೆ ಹಿಡಿದುಕೊಂಡು. ಈಗ ಅದನ್ನು ಇನ್ನೊಬ್ಬಳು ಔಷಧಿ ಚೀಟಿ ಓದುವ ಹಾಗೆ ಓದಿ ಮುಗಿಸಿದಳು. ಆದರೂ ಹಿಂದಿನ ಸಾಲಿನಿಂದ ಚಪ್ಪಾಳೆ ಬಿತ್ತು. ಆ ಚಪ್ಪಾಳೆ ತನಗೆ ಬರಬೇಕಾಗಿತ್ತು. ಹೊಟ್ಟೆಕಿಚ್ಚು, ಮತ್ತೇನು. ಈ ವಯಸ್ಸಿನಲ್ಲಿ, ಈ ಕುರ್ಚಿಯಲ್ಲಿ, ಮಗಳ ವಯಸ್ಸಿನವಳ ಮೇಲೆ. ನಾಚಿಕೆಯಾಯಿತು. ಕೆಳಗಿನ ಮೇಜಿನಲ್ಲಿದ್ದ ಕಾರ್ಯದರ್ಶಿ, ನಿಯಮಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದ ಒಣಕಲು ಮನುಷ್ಯ, ತಲೆಯೆತ್ತಿ ಮೆಲ್ಲಗೆ ಕೆಮ್ಮಿದ. ಅವಳ ತುಟಿ ಆಡುತ್ತಿತ್ತಂತೆ. ಬಾಯಿ ಬಿಗಿಹಿಡಿದು ಕೂತಳು.

ಪೀಠದ ಮೇಜಿನ ಮೇಲೆ ಗುಂಡಿಗಳ ಸಾಲಿತ್ತು, ಒಂದೊಂದು ಗುಂಡಿಗೆ ಒಬ್ಬೊಬ್ಬ ಸದಸ್ಯರ ಮೈಕು. ಒತ್ತಿದರೆ ಅವರ ಮಾತು ಸಭೆಗೆ ಕೇಳುತ್ತದೆ, ಬಿಟ್ಟರೆ ಇಲ್ಲ. ಮೊದಲ ದಿನ ಅದನ್ನು ನೋಡಿ ಅವಳಿಗೆ ನಗು ತಡೆದಿರಲಿಲ್ಲ: ಎಲ್ಲಾ ಸುತ್ತಿ ಬಂದು ಮತ್ತೆ ಅದೇ ಕೆಲಸ. ಇಪ್ಪತ್ತರ ವಯಸ್ಸಿನಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನ ಉದ್ದನೆಯ ಕೋಣೆ, ಕಿವಿಗೆ ಬಿಗಿಯುವ ಹೆಡ್‌ಫೋನು, ಎದುರಿಗೆ ತೂತುಗಳ ಗೋಡೆ, ಕೈಯಲ್ಲಿ ವೈರು. ಯಾವ ನಂಬರು ಬೇಕು? ಲೈನಿನಲ್ಲಿರಿ. ಮಾತಾಡಿ. ಬೇರೆಯವರ ಮಾತಿಗೆ ದಾರಿ ಮಾಡಿಕೊಟ್ಟು ತಾನು ತೆಪ್ಪಗಿರಬೇಕು. ಕದ್ದು ಕೇಳಬಾರದೆಂಬ ನಿಯಮವಿತ್ತು. ಕೇಳದೆ ಇರುವ ಹುಡುಗಿ ಆ ಕೋಣೆಯಲ್ಲಿ ಒಬ್ಬಳೂ ಇರಲಿಲ್ಲ. ಮಧ್ಯಾಹ್ನ ಗಂಡಸರು ಕೆಲಸಕ್ಕೆ ಹೋದ ಹೊತ್ತಿನಲ್ಲಿ ಹೆಂಗಸರ ಕರೆಗಳು ಬರುತ್ತಿದ್ದವು. ಅಮ್ಮಾ, ನಾನು ಬಂದುಬಿಡ್ಲಾ? ಆ ಕಡೆಯಿಂದ ಊರು ಯಾವುದಾದರೂ ಉತ್ತರ ಒಂದೇ: ಸ್ವಲ್ಪ ಹೊಂದಿಕೊಂಡು ಹೋಗಮ್ಮ, ಯಾರ ಮನೇಲಿ ಇಲ್ಲ. ಒಂದು ದಿನ ಹಾಗೆ ಕೇಳಿದವಳ ದನಿ ತೀರ ಚಿಕ್ಕದಾಗಿತ್ತು, ತಾಯಿಯ ಉತ್ತರ ತೀರ ಬೇಗ ಬಂತು. ಇವಳು ತಡೆಯಲಾರದೆ ನಡುವೆ ಬಾಯಿ ಹಾಕಿ, "ಬಂದ್ಬಿಡಿ ಅಮ್ಮಾ, ಬಂದ್ಬಿಡಿ!" ಎಂದು ಕೂಗಿಬಿಟ್ಟಳು. ಎರಡೂ ಕಡೆಯವರು ಹೌಹಾರಿ ಫೋನಿಟ್ಟರು. ಮೇಲ್ವಿಚಾರಕಿ ಅವಳನ್ನು ಆಗಲೇ ಎಬ್ಬಿಸಿ ಮನೆಗೆ ಕಳಿಸಿದಳು. ಬಾಗಿಲು ದಾಟುವ ಮೊದಲೇ ಹಿಂದೆ ಟಪಟಪ ಸದ್ದು. ತಿರುಗಿ ನೋಡಿದರೆ ಹುಡುಗಿಯರೆಲ್ಲ ಹೆಡ್‌ಫೋನು ಕಳಚಿ ಮೇಜಿನ ಮೇಲೆ ಇಡುತ್ತಿದ್ದರು. ಅವಳ ರಾಜಕೀಯ ಶುರುವಾದದ್ದು ಅಲ್ಲಿಂದ. ಸಂಘ, ಬೀದಿ, ನಗರಸಭೆ, ಈ ಸಭೆ. ಪುಸ್ತಕ ಓದಿ ಬಂದ ಸಿದ್ಧಾಂತವೆಲ್ಲ ಆಮೇಲಿನದು. ಮೊದಲು ಬಂದದ್ದು ಬಾಯಿ. ಅದಕ್ಕೇ ಎದುರು ಪಕ್ಷದವರು ಬಾಯಿಬಡುಕಿ ಎಂದು ಹೆಸರಿಟ್ಟರು. ಅವಳು ಅದನ್ನು ಬಿರುದಿನ ಹಾಗೆ ಧರಿಸಿಕೊಂಡು ಓಡಾಡಿದಳು.

ಮೇಲೆ ಗ್ಯಾಲರಿಯ ಮೂಲೆಯಲ್ಲಿ ಅಕ್ಕ ಕೂತಿದ್ದಳು. ಕಿವಿ ಮಂದವಾಗಿ ವರ್ಷಗಳಾಗಿದ್ದವು. ಅಂಗೈಯನ್ನು ಕಿವಿಯ ಹಿಂದೆ ಒಡ್ಡಿಕೊಂಡು, ಯಾರು ಮಾತಾಡುತ್ತಾರೋ ಅವರ ಬಾಯಿಯನ್ನೇ ನೋಡುತ್ತಿದ್ದಳು. ಬೇಡ, ಬರಬೇಡ, ಬಿದ್ದುಹೋದರೆ ನಿನ್ನ ಮುಖ ನೋಡೋಕೆ ನನಗಾಗಲ್ಲ ಎಂದು ಬೆಳಗ್ಗೆ ಹೇಳಿದ್ದಕ್ಕೆ, "ಬಿದ್ರೆ ಎತ್ತೋಕಾದ್ರೂ ಒಬ್ರು ಬೇಡ್ವೇನೇ?" ಎಂದು ಚಪ್ಪಲಿ ಮೆಟ್ಟಿ ಕಾರಿನಲ್ಲಿ ಕೂತುಬಿಟ್ಟಿದ್ದಳು. ಅಕ್ಕ ಅಂಗಡಿಗೆ ಸಾಬೂನು ತರಲು ಹೋಗಿ ಬರುವಷ್ಟರಲ್ಲಿ ಭಾವ ಬಾಗಿಲಿಗೆ ಬೇರೆ ಬೀಗ ಹಾಕಿದ್ದ. ಅಷ್ಟೇ, ಇನ್ನೇನೂ ನಡೆದಿರಲಿಲ್ಲ; ಜಗಳವಿಲ್ಲ, ಹೊಡೆತವಿಲ್ಲ. ಸಾಬೂನು ಹಿಡಿದುಕೊಂಡೇ ತವರಿಗೆ ಬಂದಳು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಎಂದು ಅಮ್ಮ ಅಂದಳು, ಅಪ್ಪ ಕಿಟಕಿಯ ಆಚೆ ನೋಡಿದ, ಹದಿನಾಲ್ಕರ ತಂಗಿಗೆ 'ಜೊತೇಲಿ ಹೋಗಿ ಬಿಟ್ಟು ಬಾ' ಎಂದು ಅಪ್ಪಣೆಯಾಯಿತು. ಬಿಟ್ಟು ಬಂದಳು. ಬೀಗ ಹಾಕಿದ ಬಾಗಿಲಿನ ಎದುರು ಅಕ್ಕನನ್ನು ನಿಲ್ಲಿಸಿ, ಕತ್ತಲಾಗುತ್ತದೆಂದು ಓಡಿ ಬಂದಳು. ಅಕ್ಕನ ಅಂಗೈ ಬೆವರಿಗೆ ಕರಗಿದ ಸಾಬೂನಿನಿಂದ ಜಾರುತ್ತಿತ್ತು, ಹಿಡಿದಷ್ಟೂ ಜಾರುತ್ತಿತ್ತು. ಭಾಷಣಗಳಲ್ಲಿ ಈ ಕಥೆಯನ್ನು ನೂರು ಸಲ ಹೇಳಿದ್ದಾಳೆ, ಬಿಟ್ಟು ಬಂದವಳು ತಾನು ಎನ್ನುವುದನ್ನು ಮಾತ್ರ ಒಂದು ಸಲವೂ ಹೇಳಿಲ್ಲ. ಅಕ್ಕ ಸಭಿಕರ ಮೊದಲ ಸಾಲಿನಲ್ಲಿ ಕೂತಿರುತ್ತಿದ್ದಳು, ಅವಳೂ ಹೇಳಲಿಲ್ಲ.

ಆದರೆ ಇವತ್ತು ಚುಚ್ಚುತ್ತಿದ್ದದ್ದು ಆ ಹಳೆಯದಲ್ಲ, ಈ ಕುರ್ಚಿ. ನಾಲ್ಕು ವರ್ಷದ ಹಿಂದೆ ಪಕ್ಷದ ನಾಯಕ, ಎಲ್ಲರೂ ದೊಡ್ಡಣ್ಣ ಎನ್ನುವವನು, ಮನೆಗೇ ಬಂದು ಕೂತು, "ನೋಡಿ, ಹೆಂಗಸು ಅಧ್ಯಕ್ಷೆಯಾಗಿದ್ದು ಇತಿಹಾಸದಲ್ಲೇ ಇಲ್ಲ. ನೀವಾಗ್ಬೇಕು" ಎಂದ. ಅವಳಿಗೆ ಅರ್ಥವಾಗಲಿಲ್ಲವೇ? ಚೆನ್ನಾಗಿ ಅರ್ಥವಾಯಿತು. ಹೊಸ್ತಿಲ ಮಸೂದೆ ಬಂದರೆ ಪಕ್ಷ ಒಡೆಯುತ್ತದೆ, ತರದಿದ್ದರೆ ಬಾಯಿಬಡುಕಿ ಬಿಡುವುದಿಲ್ಲ; ಹಾವೂ ಸಾಯಬೇಕು ಕೋಲೂ ಮುರಿಯಬಾರದು. "ಅಷ್ಟೆತ್ತರದ ಕುರ್ಚಿ ಕೊಡ್ತಾರೆ ಅಂದ್ರೆ ಬಾಯಿಗೆ ಬೀಗ ಅದರ ಜೊತೇಲೇ ಬರುತ್ತೆ ಕಣೇ" ಎಂದು ಅಕ್ಕ ಅಂದಳು. ಗೊತ್ತಿದ್ದೂ ಒಪ್ಪಿದಳು. ದಣಿವಾಗಿತ್ತು ಎಂದು ಎಲ್ಲರಿಗೂ ಹೇಳಿದಳು. ನಿಜವಾಗಿ ಆಸೆಯಾಗಿತ್ತು. ತಾನು ಒಳಗೆ ಬಂದಾಗ ಇಡೀ ಸಭೆ ಎದ್ದು ನಿಲ್ಲುತ್ತದಲ್ಲ, ಬೂಟಿನ ಸದ್ದೂ ಕುರ್ಚಿಯ ಸದ್ದೂ ಒಟ್ಟಿಗೆ ಏಳುತ್ತದಲ್ಲ, ಆ ಸದ್ದಿನ ಆಸೆ. ಮೊದಲ ಸಲ ಗೆದ್ದು ಬಂದಾಗ ಇದೇ ಸಭೆಯಲ್ಲಿ ಹೆಂಗಸರಿಗೆಂದು ಒಂದು ಬಾತ್‌ರೂಮಿರಲಿಲ್ಲ. ಎದುರಿನ ಹೋಟೆಲ್ಲಿಗೆ ಓಡಿ ಬರುವಷ್ಟರಲ್ಲಿ ಮತ ಮುಗಿದಿರುತ್ತಿತ್ತು. ಎದ್ದು ನಿಂತು, 'ಮಾನ್ಯ ಅಧ್ಯಕ್ಷರೇ, ನನಗೆ ಬಂದರೆ ಎಲ್ಲಿಗೆ ಹೋಗಬೇಕು?' ಎಂದು ಕೇಳಿದ್ದಕ್ಕೆ ಸಭೆಯೆಲ್ಲ ಐದು ನಿಮಿಷ ನಕ್ಕಿತ್ತು, ದಾಖಲೆಯಿಂದ ಆ ಮಾತನ್ನು ತೆಗೆಸಿದ್ದರು. ಹಾಗೆ ನಕ್ಕವರು ಎದ್ದು ನಿಲ್ಲಲಿ ಎಂದು ಆಸೆಪಟ್ಟರೆ ತಪ್ಪೇ? ತಪ್ಪೇ ಇರಬೇಕು. ಆ ಸದ್ದಿನ ಜೊತೆಗೆ ಸರ್ಕಾರಿ ಕಾರು ಬಂತು, ಸರ್ಕಾರಿ ಬಂಗಲೆ ಬಂತು. ಸ್ವಂತದ್ದೆಂದಿದ್ದ ಎರಡು ಕೋಣೆಯ ಮನೆ ಸೋತ ಚುನಾವಣೆಯ ಸಾಲಕ್ಕೇ ಕೈಬಿಟ್ಟಿತ್ತು. ಬಂಗಲೆಯಲ್ಲಿ ಅಕ್ಕನಿಗೆ ಒಂದು ಕೋಣೆ; ಕಿಟಕಿಯ ಕೆಳಗೆ ಅವಳೇ ನೆಟ್ಟ ನಿಂಬೆ ಗಿಡ ಈ ವರ್ಷ ಮೊದಲ ಹೂ ಬಿಟ್ಟಿತ್ತು. ಅಧ್ಯಕ್ಷ ಪದವಿ ಹೋದ ತಿಂಗಳೊಳಗೆ ಅದನ್ನು ಬಿಡಬೇಕು.

ವಕೀಲರು ಎದ್ದು ನಿಂತಿದ್ದರು. ಎದುರು ಪಕ್ಷದ ಮುಖಂಡ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುವವರು. "ಅಧ್ಯಕ್ಷರೇ, ಹೆಣ್ಣಿಗೆ ರಕ್ಷಣೆ ಬೇಡ ಅನ್ನೋನು ನಾನಲ್ಲ. ಆದರೆ ಮನೆ ವಿಷಯಕ್ಕೆ ಕಾನೂನು ಬಂದ್ರೆ ಮನೆ ಕಚೇರಿ ಆಗುತ್ತೆ." ಅವರ ಪಕ್ಕದಲ್ಲಿ ಸಭೆಯ ಉಪಾಧ್ಯಕ್ಷರು, ಅದೇ ಪಕ್ಷದ ಹಿರಿಯರು, ಕಣ್ಣು ಮುಚ್ಚಿ ತೂಗುತ್ತಿದ್ದರು. ನಿದ್ದೆಗೆ ಮುಂಚೆ ಅವರೂ ಮಸೂದೆ ಬೇಡವೆಂದು ಮಾತಾಡಿ ಮುಗಿಸಿದ್ದರು: "ನಮ್ಮನೇಲಿ ಬೀಗದ ಕೈ ಇರೋದೇ ನನ್ ಹೆಂಡ್ತಿ ಹತ್ರ. ನನಗ್ಯಾರು ಕೊಡ್ತಾರೆ ರಕ್ಷಣೆ?" ಅಧ್ಯಕ್ಷೆಗೆ ಜ್ವರ ಬಂದು ಎರಡು ದಿನ ಪೀಠ ಏರಿದ್ದಾಗ ಮೂರನೆಯ ದಿನ ಇಳಿಯಲು ಒಪ್ಪದೆ ಪೇಚಾಡಿದ ಮನುಷ್ಯ, ಆ ಕುರ್ಚಿಯೆಂದರೆ ಪ್ರಾಣ. ಅಧ್ಯಕ್ಷೆ ಮುಖಗಳನ್ನು ಎಣಿಸಿದಳು. ಎಷ್ಟೋ ವರ್ಷ ಪಕ್ಷಕ್ಕಾಗಿ ತಲೆ ಎಣಿಸುವ ಕೆಲಸ ಮಾಡಿದವಳು. ಯಾರು ಯಾವ ಕಡೆ ಎಂದು ಕೂತ ಭಂಗಿಯಲ್ಲೇ ಗೊತ್ತಾಗುತ್ತಿತ್ತು. ಈ ಮಸೂದೆಯ ಮಟ್ಟಿಗೆ ಅವರವರ ಆತ್ಮಸಾಕ್ಷಿಯಂತೆ ಮತ ಹಾಕಿ ಎಂದು ದೊಡ್ಡಣ್ಣ ಅಪ್ಪಣೆ ಕೊಟ್ಟಿದ್ದ, ಅಂದರೆ ಬೀಳಿಸಿ ಎಂದು. ಹೇಗೆ ಎಣಿಸಿದರೂ ಬೇಡ ಎನ್ನುವವರು ಒಂದು ಮತ ಮುಂದೆ. ಎರಡೂ ಕಡೆ ಸಮವಾದರೆ ಮಾತ್ರ ಅಧ್ಯಕ್ಷೆ ತನ್ನ ಮತ ಹಾಕಬಹುದು, ಸಮವಾಗುವುದಿಲ್ಲ. ಒಂದೇ ಒಂದು ಮತ. ಈ ಕುರ್ಚಿಯಲ್ಲಿಲ್ಲದೆ ಕೆಳಗಿನ ಬೆಂಚಿನಲ್ಲಿ ಕೂತಿದ್ದರೆ ಆ ಒಂದು ತನ್ನದೇ ಇರುತ್ತಿತ್ತಲ್ಲ ಎಂದು ಬೆಳಗ್ಗೆಯಿಂದ ಹತ್ತು ಸಲ ಅನ್ನಿಸಿತ್ತು. ಹತ್ತು ಸಲವೂ ಯೋಚನೆಯನ್ನು ಅರ್ಧಕ್ಕೇ ತಡೆದಿದ್ದಳು.

ಚರ್ಚೆ ಮುಗಿಯಿತು. ಕಾರ್ಯದರ್ಶಿ ತಲೆಯಾಡಿಸಿದ. ಅವಳು ಎದ್ದು ನಿಂತಳು. ಎದೆ ಎಷ್ಟು ಜೋರಾಗಿ ಬಡಿಯುತ್ತಿತ್ತೆಂದರೆ ಮೈಕಿಗೆ ಕೇಳಿಬಿಟ್ಟೀತೆಂದು ಸ್ವಲ್ಪ ಹಿಂದೆ ಸರಿದಳು. ಸಾವಿರ ಸಲ ಹೇಳಿದ ಮಾತು, ಮತ್ತೆ ಹೇಳಿದಳು: "ಈ ಮಸೂದೆಯನ್ನು ಸಭೆ ಒಪ್ಪಬೇಕೆಂಬುದು ಪ್ರಶ್ನೆ. ಹೌದು ಎನ್ನುವವರು ಹೌದು ಎನ್ನಿ." ವರ್ಷಗಟ್ಟಲೆ ಅವಳು ಈ ಮಾತನ್ನು ಕೆಳಗಿನಿಂದ ಕೇಳಿದವಳು. ಕೂಗು ಮತದಲ್ಲಿ ಎಲ್ಲರಿಗಿಂತ ಅರ್ಧ ಗಳಿಗೆ ಮೊದಲು, ಎಲ್ಲರಿಗಿಂತ ದೊಡ್ಡದಾಗಿ ಕೂಗಿದರೆ ಅಳ್ಳೆದೆಯವರೂ ಹಿಂದೆಯೇ ಕೂಗುತ್ತಾರೆ. ಅದು ಅವಳು ಕಲಿತ ವಿದ್ಯೆ. ಮಾತು ಕಿವಿಗೆ ಬಿತ್ತು. ಯಾರ ಬಾಯಿಂದ ಬಿತ್ತು ಎಂದು ಮೈ ಕೇಳಲಿಲ್ಲ. ಹೊಟ್ಟೆಯ ಆಳದಿಂದ ಎದ್ದು ಗಂಟಲು ದಾಟಿ, ಸಭೆಯಲ್ಲೇ ಅತ್ಯಂತ ಜೋರಾದ ಮೈಕಿನ ಮೂಲಕ, ಅದು ಬಂದೇಬಿಟ್ಟಿತು:

"ಹೌದು!"

ಗೋಡೆಯಿಂದ ಗೋಡೆಗೆ ಹೊಡೆದು ಅದು ಅವಳ ಕಿವಿಗೇ ವಾಪಸು ಬಂತು. ಕೂಗಲು ಬಾಯಿ ತೆರೆದವರು ತೆರೆದುಕೊಂಡೇ ಉಳಿದರು. ಹಿಂದಿನ ಬೆಂಚಿನಲ್ಲಿ ಯಾರೋ, "ಅಯ್ಯೋ, ಪೀಠಕ್ಕೆ ಬಾಯಿ ಬಂತು!" ಎಂದ. ಮೊದಲು ನಗು, ಆಮೇಲೆ ಗದ್ದಲ. ಕಿವಿ ಕಾದ ಹೆಂಚಾಯಿತು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಎಂಥ ಹುಚ್ಚು ಹೆಂಗಸು ನೀನು, ನಾಲ್ಕು ವರ್ಷ ಬಿಗಿಹಿಡಿದ ಬಾಯಿ, ಇನ್ನೊಂದು ನಿಮಿಷ ಹಿಡಿಯಲಾಗಲಿಲ್ಲವೇ, ನಾಳೆಯ ಪತ್ರಿಕೆ, ವ್ಯಂಗ್ಯಚಿತ್ರ, ಇಷ್ಟಗಲ ಬಾಯಿ ಬರೆದಿರುತ್ತಾರೆ. ಆದರೆ ಈ ನಾಚಿಕೆಯ ಅಡಿಯಲ್ಲಿ, ಹೇಳಬಾರದು, ಒಂದು ಸುಖವಿತ್ತು. ಬಿಗಿದ ಬೂಟು ಕಳಚಿದಂಥ ಸುಖ. ಗಂಟಲು ಹಗುರಾಗಿತ್ತು.

ವಕೀಲರು ಕೈಯೆತ್ತಿ ತಮ್ಮ ಕಡೆಯವರನ್ನು ಸುಮ್ಮನಾಗಿಸಿದರು. "ಅಧ್ಯಕ್ಷರೇ, ತಮ್ಮ ಬಗ್ಗೆ ನನಗೆ ಬೇಕಾದಷ್ಟು ಗೌರವ ಇದೆ," ಎಂದು ಶುರುಮಾಡಿದರು; ಅವರು ಗೌರವದಿಂದ ಶುರುಮಾಡಿದರೆ ಯಾರಿಗೋ ಗ್ರಹಚಾರ ಎಂದೇ ಅರ್ಥ. "ಆದರೆ ಪೀಠಕ್ಕೆ ಪಕ್ಷ ಇಲ್ಲ. ಇವತ್ತು ಪೀಠ ಪಕ್ಷ ಹಿಡೀತು, ಅದೂ ಮೈಕಿನಲ್ಲಿ. ತಾವು ಈ ಸಭೆಯ ಕ್ಷಮೆ ಕೇಳ್ಬೇಕು. ಇಲ್ಲಾ, ಪೀಠದಿಂದ ಇಳೀಬೇಕು."

"ಇಳೀಬೇಕು! ಇಳೀಬೇಕು!" ಎಂದು ಅವರ ಕಡೆಯ ಬೆಂಚುಗಳು ಕುಟ್ಟತೊಡಗಿದವು.

ಮೊದಲ ಸಾಲಿನಲ್ಲಿ ದೊಡ್ಡಣ್ಣ ಅವಳ ಕಡೆ ನೋಡಿ, ಎರಡೂ ಅಂಗೈ ಜೋಡಿಸಿ ಹುಬ್ಬು ಹಾರಿಸಿದ. ಕೇಳಿಬಿಡಿ, ಮುಗಿಸಿಬಿಡಿ ಎಂದರ್ಥ. ಕಾರ್ಯದರ್ಶಿ ಮೆಟ್ಟಿಲು ಹತ್ತಿ ಬಂದು ಬಗ್ಗಿ ಹೇಳಿದ: "ಬಾಯ್ತಪ್ಪಿ ಬಂತು ಅಂದ್ರೆ ಸಾಕು ಮೇಡಂ. ಒಂದೇ ವಾಕ್ಯ. ಮತ್ತೆ ಪ್ರಶ್ನೆ ಹಾಕಿದ್ರಾಯ್ತು." ಒಂದೇ ವಾಕ್ಯ. ಅದು ನಾಲಗೆಯ ತುದಿಗೆ ಬಂದೂ ಆಗಿತ್ತು. ಕ್ಷಮೆ ಕೇಳಿದರೆ ಕುರ್ಚಿ ಉಳಿಯುತ್ತದೆ, ಬಂಗಲೆ ಉಳಿಯುತ್ತದೆ, ಎಲ್ಲರೂ ನಕ್ಕು ಮರೆಯುತ್ತಾರೆ. ಮಸೂದೆ ಒಂದು ಮತದಿಂದ ಬೀಳುತ್ತದೆ. ಆಗ ಅವಳ ಕಣ್ಣು ಉಪಾಧ್ಯಕ್ಷರ ಮೇಲೆ ಬಿತ್ತು. ಗದ್ದಲಕ್ಕೆ ಎಚ್ಚರವಾಗಿ, ವಿಷಯವೇನೆಂದು ಪೂರ್ತಿ ತಿಳಿಯದಿದ್ದರೂ ಪೀಠ ಖಾಲಿಯಾಗುವ ವಾಸನೆ ಹಿಡಿದು, ಎಲ್ಲರಿಗಿಂತ ಜೋರಾಗಿ "ಇಳೀಬೇಕು!" ಎನ್ನುತ್ತಿದ್ದರು. ಒಂದು ಕೈ ಬೆಂಚು ಕುಟ್ಟುತ್ತಿತ್ತು, ಇನ್ನೊಂದು ಆಗಲೇ ತಲೆಗೂದಲನ್ನು ನೇರ್ಪಡಿಸುತ್ತಿತ್ತು.

ಎಣಿಸುವವಳ ಮನಸ್ಸು ತನ್ನಷ್ಟಕ್ಕೆ ಎಣಿಸಿತು. ತಾನು ಇಳಿದರೆ ಪೀಠ ಖಾಲಿ ಬಿಡುವಂತಿಲ್ಲ. ಏರಬೇಕಾದವರು ಉಪಾಧ್ಯಕ್ಷರೇ. ಏರಿದವರಿಗೆ ಮತವಿಲ್ಲ. ಆ ಕಡೆಯ ಒಂದು 'ಬೇಡ' ಕಡಿಮೆಯಾಗಿ ಸಮವಾಯಿತು. ಇಳಿದವಳು ಬರೀ ಸದಸ್ಯೆ. ಈ ಕಡೆ ಒಂದು 'ಹೌದು' ಹೆಚ್ಚಾಯಿತು. ಅವಳು ಇನ್ನೊಮ್ಮೆ ಎಣಿಸಿದಳು. ಮತ್ತೊಮ್ಮೆ. ಸಭೆಯಲ್ಲೇ ಅತಿ ಬುದ್ಧಿವಂತರಾದ ವಕೀಲರು, ಎದುರಾಳಿಯನ್ನು ಎಳೆದು ಕೆಳಗಿಳಿಸುವ ಖುಷಿಯಲ್ಲಿ, ತಮ್ಮ ಪಕ್ಕದ ಕುರ್ಚಿಯನ್ನು ಮರೆತಿದ್ದರು. ಇನ್ನೊಂದೆರಡು ನಿಮಿಷ ಮರೆತಿರಲಿ, ದೇವರೇ, ಇನ್ನೆರಡೇ ನಿಮಿಷ.

ಗ್ಯಾಲರಿಯತ್ತ ನೋಡಿದಳು. ಅಕ್ಕ ಅಂಗೈಯನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡು ಮುಂದಕ್ಕೆ ಬಾಗಿದ್ದಳು. ಏನಾಗುತ್ತಿದೆ ಎಂದು ಅವಳಿಗೆ ಗೊತ್ತಿರಲಾರದು. ಎಪ್ಪತ್ತರ ಹತ್ತಿರದ ಜೀವ. ಹೇಳದೆ ಕೇಳದೆ, ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಮನೆ ಹೋಗಿರುತ್ತದೆ, ಇನ್ನೊಂದು ಸಲ. ಈ ಸಲ ಕಳೆಯುವವಳು ತಂಗಿ. ಹೆಂಗಸರನ್ನು ಮನೆಯಿಂದ ಹಾಕಬಾರದೆಂಬ ಕಾನೂನಿಗಾಗಿ ಸ್ವಂತ ಅಕ್ಕನನ್ನು ಮನೆಯಿಂದ ಹೊರಡಿಸುವುದು! ಕೇಳಲು ಹೊತ್ತಿಲ್ಲ, ಕೇಳುವ ದಾರಿಯೂ ಇಲ್ಲ. ಅವಳಿಗೆ ಅಳು ಬಂತು, ನಗುವೂ ಬಂತು, ಯಾವುದು ಯಾವುದೆಂದು ತಿಳಿಯಲಿಲ್ಲ.

"ರಾಜೀನಾಮೆಗೆ ನಿಯಮ ಏನು?" ಎಂದು ಕಾರ್ಯದರ್ಶಿಯನ್ನು ಪಿಸುಗುಟ್ಟಿ ಕೇಳಿದಳು.

"ರಾಜೀನಾಮೆಯೇ? ಅಷ್ಟು ದೂರ ಯಾಕೆ ಮೇಡಂ?"

"ನಿಯಮ ಹೇಳಿ."

"ಒಂದು ಸಾಲು ಬರೆದು ಉಪಾಧ್ಯಕ್ಷರ ಕೈಗೆ ಕೊಟ್ರೆ ಆ ಗಳಿಗೆಯಿಂದಲೇ ಜಾರಿ."

"ಆಮೇಲೆ ನಾನು ಮತ ಹಾಕ್ಬಹುದಾ?"

ಆತ ಅವಳನ್ನು ನೋಡಿದ. ಕೆಳಗೆ ಕೂದಲು ನೇವರಿಸಿಕೊಳ್ಳುತ್ತಿದ್ದ ಉಪಾಧ್ಯಕ್ಷರನ್ನು ನೋಡಿದ. ಮತ್ತೆ ಅವಳನ್ನು ನೋಡಿದ. ನಿಯಮಾವಳಿಯೊಂದನ್ನು ಬಿಟ್ಟು ಬೇರೆ ಯಾವುದಕ್ಕೂ ಅರಳದ ಮುಖ ಅದು. "ಸದಸ್ಯರಾಗಿ ಹಾಕಬಹುದು," ಎಂದು ಬಿಳಿ ಹಾಳೆಯೊಂದನ್ನು ಅವಳ ಮುಂದೆ ಸರಿಸಿದ. "ಬೇಗ ಬರೀರಿ."

ಬರೆದಳು. ಅಕ್ಷರ ಸೊಟ್ಟವಾಯಿತು. ಮುಖದಲ್ಲಿ ಏನೂ ತೋರಬಾರದೆಂದು ತುಟಿ ಕಚ್ಚಿದಳು, ಕಣ್ಣು ಕೆಳಗೆ ಹಾಕಿದಳು. ಅಧ್ಯಕ್ಷೆ ಅಳು ನುಂಗುತ್ತಿದ್ದಾರೆ ಎಂದು ಪತ್ರಿಕೆಯವರು ಬರೆದುಕೊಂಡರು. ಪೀಠದವರು ತೊಡುವ ಕಪ್ಪು ನಿಲುವಂಗಿ ಕಳಚಿ ಕುರ್ಚಿಯ ಬೆನ್ನಿಗೆ ಹಾಕಿ ಮೆಟ್ಟಿಲು ಇಳಿದು ಬಂದು ಹಾಳೆಯನ್ನು ಉಪಾಧ್ಯಕ್ಷರ ಕೈಗಿಟ್ಟಳು. ದೊಡ್ಡಣ್ಣ ಅರ್ಧ ಎದ್ದು, "ಏನಿದು? ಏನ್ಮಾಡ್ತಿದೀರಿ?" ಎಂದ. ವಕೀಲರು, ಗೆದ್ದವರ ಔದಾರ್ಯದಿಂದ, ತಲೆಬಾಗಿಸಿ ಅವಳಿಗೆ ನಮಸ್ಕರಿಸಿದರು. ಉಪಾಧ್ಯಕ್ಷರಿಗೆ ನಮಸ್ಕಾರಕ್ಕೆಲ್ಲ ವ್ಯವಧಾನವಿರಲಿಲ್ಲ. ಮಂಡಿನೋವಿದೆಯೆಂದು ಮೂರು ಅಧಿವೇಶನದಿಂದ ದೂರುತ್ತಿದ್ದ ಮನುಷ್ಯ ಎರಡೆರಡು ಮೆಟ್ಟಿಲು ಹಾರಿ ಹೋಗಿ ಕೂತುಬಿಟ್ಟರು. ಕಾರ್ಯದರ್ಶಿ ಅವರ ಕಿವಿಯಲ್ಲಿ ಏನೋ ಹೇಳಿದ. ಮತದ ಗಂಟೆ ಬಡಿಯಿತು. ಓಣಿಯಲ್ಲಿದ್ದವರು ಓಡಿ ಬಂದರು, ಕಾವಲಿನವರು ಬಾಗಿಲುಗಳನ್ನು ಮುಚ್ಚಿದರು. ಉಪಾಧ್ಯಕ್ಷರು ಕಂಚಿನ ದನಿಯಲ್ಲಿ, ಪ್ರತಿ ಅಕ್ಷರವನ್ನೂ ಸವಿಯುತ್ತ, ಪ್ರಶ್ನೆಯನ್ನು ಸಭೆಯ ಮುಂದೆ ಹಾಕಿದರು: "ತಲೆ ಎಣಿಕೆ ಆಗಲಿ. ಹೌದು ಎನ್ನುವವರು ಎದ್ದು ನಿಲ್ಲಿ."

ಅವಳು ನಿಂತೇ ಇದ್ದಳು. ಅವಳಿಗೆ ಕೂರಲು ಕೆಳಗೆ ಒಂದು ಜಾಗವೆಂಬುದೇ ಇರಲಿಲ್ಲ. ಬೆಂಚುಗಳ ನಡುವಿನ ದಾರಿಯಲ್ಲಿ, ಯಾರೋ ದಾರಿ ತಪ್ಪಿ ಬಂದವರ ಹಾಗೆ. ನರ್ಸಮ್ಮ ಎದ್ದವಳು ಕೈ ಹಿಡಿದು ತನ್ನ ಸಾಲಿಗೆ ಎಳೆದುಕೊಂಡಳು. "ಏನ್ ಮೇಡಂ ಇದು, ನನಗೋಸ್ಕರ..." ಎಂದವಳ ಕಣ್ಣು ತುಂಬಿತ್ತು. "ನಿನಗೋಸ್ಕರ ಅಲ್ಲ ಕಣಮ್ಮ, ಸುಮ್ನೆ ನಿಂತ್ಕೋ, ನೆಟ್ಟಗೆ ನಿಂತ್ಕೋ, ಎಣಿಸೋರಿಗೆ ಕಾಣ್ಬೇಕು," ಎಂದಳು. ನರ್ಸಮ್ಮನ ಕೈ ಬೆಚ್ಚಗಿತ್ತು. ಹೊಟ್ಟೆಕಿಚ್ಚು ಎಲ್ಲಿ ಹೋಯಿತೋ. ಎಣಿಸುವವನು ಬೆರಳು ತೋರಿಸುತ್ತ ಸಾಲು ಸಾಲಾಗಿ ಬಂದ. ಅವಳ ಎದುರು ಬಂದು ಬೆರಳು ತಡವರಿಸಿತು, ನಾಲ್ಕು ವರ್ಷ ಅವಳಿಗೆ ಬಾಗಿದವನು. "ಎಣಿಸಪ್ಪಾ," ಎಂದಳು. ಎಣಿಸಿದ.

ಬೇಡ ಎನ್ನುವವರು ಎದ್ದರು. ವಕೀಲರು ತಮ್ಮ ಸಾಲಿನ ಕಡೆ ತೃಪ್ತಿಯಿಂದ ಕಣ್ಣು ಹಾಯಿಸಿದರು, ಪಕ್ಕದ ಕುರ್ಚಿಗೆ ಬಂದು ನೋಟ ನಿಂತಿತು. ಖಾಲಿ ಕುರ್ಚಿಯನ್ನು ನೋಡಿದ ಅವರ ಮುಖದಲ್ಲಿ ಲೆಕ್ಕ ನಡೆದದ್ದು ಅವಳಿಗೆ ಇಲ್ಲಿಂದಲೇ ಕಾಣುತ್ತಿತ್ತು. ಇಡೀ ಬದುಕಿನಲ್ಲಿ ಇಷ್ಟು ರುಚಿಯಾದದ್ದನ್ನು ಅವಳು ನೋಡಿರಲಿಲ್ಲ. ನೋಡಿ ಸಂತೋಷಪಡುವುದು ಸಣ್ಣತನವೆಂದು ಗೊತ್ತಿತ್ತು, ಸಂತೋಷಪಟ್ಟಳು.

"ಉಪಾಧ್ಯಕ್ಷರೇ!" ವಕೀಲರ ದನಿಯಲ್ಲಿ ಬೆಣ್ಣೆಯಿರಲಿಲ್ಲ. "ಇಳೀರಿ! ಕೆಳಗಿಳೀರಿ!"

"ಈಗ ತಾನೇ ಹತ್ತಿದೀನಲ್ರೀ!" ಎಂದರು ಉಪಾಧ್ಯಕ್ಷರು, ಕುರ್ಚಿಯ ಎರಡೂ ಕೈ ಗಟ್ಟಿಯಾಗಿ ಹಿಡಿದುಕೊಂಡು.

"ಪ್ರಶ್ನೆ ಹಾಕಿ ಆಗಿದೆ," ಎಂದ ಕಾರ್ಯದರ್ಶಿ, ಯಾರನ್ನೂ ನೋಡದೆ. "ಬಾಗಿಲು ಹಾಕಿದೆ. ಮತ ಮುಗಿಯೋವರೆಗೆ ಪೀಠ ಬದಲಾಗೋ ಹಾಗಿಲ್ಲ."

ಆಗ ಉಪಾಧ್ಯಕ್ಷರಿಗೂ ಹೊಳೆಯಿತು. ಬಲಗೈ ಮತಕ್ಕೆಂದು ಅರ್ಧ ಎದ್ದಿತು, ಕಾರ್ಯದರ್ಶಿ ತಲೆಯಲ್ಲಾಡಿಸಿದ, ಕೈ ಮೆಲ್ಲಗೆ ಇಳಿದು, ಅಲ್ಲಿಯವರೆಗೆ ಹೋಗಿದ್ದಕ್ಕೆ ಇರಲಿ ಎಂದು, ತಲೆಗೂದಲನ್ನು ಸವರಿಕೊಂಡಿತು. ಎಣಿಕೆಯ ಚೀಟಿ ಮೇಲಕ್ಕೆ ಹೋಯಿತು. ಅವರು ಅದನ್ನು ಓದಿದರು, ಕನ್ನಡಕ ಒರೆಸಿ ಇನ್ನೊಮ್ಮೆ ಓದಿದರು. "ಹೌದು ಎನ್ನುವವರು," ಎಂದು ಗಂಟಲು ಸರಿಮಾಡಿಕೊಂಡರು, "ಒಂದು ಮತದಿಂದ... ಮುಂದಿದ್ದಾರೆ. ಸಭೆ ಮಸೂದೆಯನ್ನು ಒಪ್ಪಿದೆ."

ಬೆಂಚು, ಕಾಗದ, ಕೂಗು, ಯಾರೋ ಅವಳ ಬೆನ್ನು ತಟ್ಟಿದರು, ಯಾರೋ ಬೈದರು. ನರ್ಸಮ್ಮ ಅವಳ ಹೆಗಲ ಮೇಲೆ ತಲೆಯಿಟ್ಟು ಬಿಕ್ಕುತ್ತಿದ್ದಳು. ದೊಡ್ಡಣ್ಣ ಹತ್ತಿರ ಬಂದು, ಕ್ಯಾಮೆರಾ ಕಡೆ ನಗುತ್ತ, ತುಟಿ ಅಲ್ಲಾಡಿಸದೆ, "ಇನ್ನು ನಿಮಗೆ ಟಿಕೆಟ್ಟು ಯಾರು ಕೊಡ್ತಾರೆ ನೋಡ್ತೀನಿ" ಎಂದ. ಅದು ಕಿವಿಗೆ ಬಿತ್ತು, ಒಳಗೆ ಹೋಗಲಿಲ್ಲ. ಅವಳು ತಲೆಯೆತ್ತಿ ಗ್ಯಾಲರಿಯನ್ನು ಹುಡುಕುತ್ತಿದ್ದಳು. ಅಕ್ಕ ಪಕ್ಕದವರ ತೋಳು ಜಗ್ಗಿ ಏನೋ ಕೇಳುತ್ತಿದ್ದಳು. ಅವರು ಅವಳ ಕಿವಿಗೆ ಬಾಯಿಟ್ಟು ಹೇಳಿದರು. ಇನ್ನೂ ಏನೋ ಕೇಳಿದಳು, ಅವರು ಇನ್ನೂ ಹೊತ್ತು ಹೇಳಿದರು. ಅಕ್ಕನ ಮುಖ ಗಂಭೀರವಾಯಿತು. ಅಂಗೈ ಕಿವಿಯಿಂದ ಇಳಿಯಿತು. ಎಲ್ಲಾ ಗೆದ್ದ ಮೇಲೂ ಉಳಿದಿದ್ದ ಮತ ಅದೊಂದೇ.

ಅಕ್ಕ ಎದ್ದು ಗ್ಯಾಲರಿಯ ಕಂಬಿ ಹಿಡಿದುಕೊಂಡಳು. ಕಿವಿ ಕೇಳದವರಿಗೆ ತಮ್ಮ ದನಿ ಎಷ್ಟೆಂದು ಗೊತ್ತಾಗುವುದಿಲ್ಲ. "ಏನೇ," ಎಂದು ಅವಳು ಕೂಗಿದ ಕೂಗಿಗೆ ಕೆಳಗಿನ ಗದ್ದಲ ನಿಂತೇಹೋಯಿತು. "ಮನೆ ಯಾವತ್ತು ಖಾಲಿ ಮಾಡ್ಬೇಕು?"

"ಶಾಂತಿ! ಗ್ಯಾಲರಿಯವರು ಮಾತಾಡೋ ಹಾಗಿಲ್ಲ!" ಎಂದರು ಪೀಠದಿಂದ. "ಸದಸ್ಯರೂ ಆ ಕಡೆ ಮಾತಾಡೋ ಹಾಗಿಲ್ಲ!"

"ತಿಂಗಳೊಳಗೆ, ಅಕ್ಕಾ!" ಎಂದು ಇವಳು ಕೂಗಿದಳು. ದನಿ ಒಡೆದುಹೋಯಿತು.

"ಸರಿ ಬಿಡು," ಎಂದಳು ಅಕ್ಕ, ಇಡೀ ಸಭೆಗೆ ಕೇಳುವ ಹಾಗೆ. "ನೀನು ಇಲ್ಲಿದು ಮುಗಿಸ್ಕೊಂಡು ನಿಧಾನಕ್ಕೆ ಬಾ. ನಾನು ಹೋಗಿ ಸಾಮಾನು ಕಟ್ಟೋಕೆ ಶುರು ಮಾಡಿರ್ತೀನಿ."

ಚೀಲವನ್ನು ಹೆಗಲಿಗೇರಿಸಿಕೊಂಡು, ಕಾವಲಿನವನು ಬಂದು ತೆಗೆಯುವುದನ್ನೂ ಕಾಯದೆ, ಗ್ಯಾಲರಿಯ ಬಾಗಿಲನ್ನು ತಾನೇ ತಳ್ಳಿಕೊಂಡು ಹೊರಟಳು.